ಸಿದ್ದಿ ಕೌದಿ: ಹೊದೆಯೋಕೂ ಚೆನ್ನ, ನೋಡ್ತಾ ಕೂರೋಕೂ ಚೆನ್ನ

ಯಲ್ಲಾಪುರ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರು ಕೈಯಲ್ಲೇ ಹೊಲಿದ ದೊಡ್ಡ ಕೌದಿ ಇದು. ಮಳೆಗಾಲ ಪೂರ್ತಿ ಹೊದ್ದಿದ್ದೇವೆ. ಬಣ್ಣದ ಜೋಡಣೆ ಇಷ್ಟು ಚೆನ್ನಾಗಿರೋ ಬಟ್ಟೆ ನಮ್ಮ ಮನೆಗೆ ಇನ್ನೊಂದು ಬಂದಿಲ್ಲ.

ಅಂಗಡಿಯ ಪ್ಯಾಚ್‌ವರ್ಕ್ ಚಾದರದಲ್ಲಿ ಚೌಕಗಳೆಲ್ಲ ಒಂದೇ ಅಳತೆ, ಒಂದು ಮೂಲೆ ನೋಡಿದರೆ ಪೂರ್ತಿ ನೋಡಿದ ಹಾಗೆ. ಇಲ್ಲಿ ಹಾಗಿಲ್ಲ. ಅಡಿಗೆ ಹಳೇ ಸೀರೆ ಹಾಸಿ, ಒಂದು ಮೂಲೆಯಿಂದ ಶುರು ಮಾಡಿ, ಅಂಚಿನುದ್ದಕ್ಕೂ ತೇಪೆ ಇಡುತ್ತಾ ಸುತ್ತು ಹಾಕಿಕೊಂಡು ನಡುವಿಗೆ ಬರುತ್ತಾರೆ, ಸಿಕ್ಕಿದ ಹಳೇ ಬಟ್ಟೆ ಎಷ್ಟಗಲ ಇದೆಯೋ ಅದಕ್ಕೆ ತಕ್ಕ ಹಾಗೆ ತೇಪೆ ಚೌಕವೋ ಪಟ್ಟಿಯೋ ಆಗುತ್ತೆ. ಆದರೆ ಬಣ್ಣ ಮಾತ್ರ ನೋಡಿ ನೋಡಿ ಇಟ್ಟದ್ದು. ನಮ್ಮದರಲ್ಲಿ ಕಡುನೀಲಿ ಪಟ್ಟಿಯ ಪಕ್ಕ ಒಂದು ಅರಿಶಿನ ಬಣ್ಣದ ತುಂಡಿದೆ, ದೀಪ ಹಚ್ಚಿಟ್ಟ ಹಾಗೆ ಕಾಣುತ್ತೆ. ಅದೇ ಬಟ್ಟೆಯ ಇನ್ನೊಂದು ತುಂಡು ಬಿಳಿಯ ಪಕ್ಕದಲ್ಲಿ ಮಂಕು! ಪಕ್ಕದ ಬಣ್ಣ ಹೀಗೆ ಕಣ್ಣಿಗೆ ಆಟ ಆಡಿಸೋದನ್ನ ಫ್ರಾನ್ಸಿನ ರಸಾಯನ ವಿಜ್ಞಾನಿ ಶೆವ್ರಲ್ 1839ರಲ್ಲೇ ವಿವರವಾಗಿ ಬರೆದಿದ್ದ. ಪ್ಯಾರಿಸ್ಸಿನ ಚಿತ್ರಕಲಾವಿದೆ ಸೋನಿಯಾ ಡೆಲೋನೆ 1911ರಲ್ಲಿ ಮಗನಿಗೆ ಅಂತ ಬಟ್ಟೆ ತುಂಡುಗಳನ್ನ ಜೋಡಿಸಿ ಹೊದಿಕೆ ಹೊಲಿದರು, ಆಮೇಲೆ ಅವರ ಅಮೂರ್ತ ಚಿತ್ರಗಳಲ್ಲೂ ಬಣ್ಣಕ್ಕೆ ಬಣ್ಣ ತಾಗಿಸೋ ಇದೇ ಕೆಲಸ. ಆ ಹೊದಿಕೆ ಈಗ ಪ್ಯಾರಿಸ್ಸಿನ ಮ್ಯೂಸಿಯಂ ಸಂಗ್ರಹದಲ್ಲಿದೆ. ನಮ್ಮ ಸಿದ್ದಿ ಕೌದಿಗಳನ್ನೂ ಅದೇ ಗಂಭೀರತೆಯಿಂದ ನೋಡಬೇಕು ಅಲ್ವಾ?

ಹತ್ತಿರದಿಂದ ನೋಡಿದರೆ ಹೊಲಿಗೆಯದೇ ಒಂದು ಚಿತ್ರ. ಸಾದಾ ಓಟದ ಹೊಲಿಗೆ, ಒತ್ತೊತ್ತಾಗಿ, ಅಂಚನ್ನೇ ಹಿಡಿದು ಸಾಲು ಸಾಲಾಗಿ ಒಳಗೆ ಸಾಗುತ್ತೆ. ಇಷ್ಟೊಂದು ಬಣ್ಣಗಳು ಒಂದಾಗಿ ಕಾಣೋದು ಈ ದಾರದಿಂದಲೇ. ನಾಲ್ಕೂ ಮೂಲೆಯಲ್ಲಿ ಬಟ್ಟೆ ಮಡಿಸಿ ಹೊಲಿದ ಪುಟ್ಟ ‘ಫುಲಾ’ ಇದೆ. ಅದಿಲ್ಲದ ಕೌದಿ ಬೆತ್ತಲೆ ಅಂತ ಅವರ ಲೆಕ್ಕ. ಕೊಳ್ಳುವಾಗ ಮೊದಲು ಮೂಲೆ ನೋಡಿ.

ಒಂದು ದೂರು ಇದೆ. ಮೊದಲ ಸಲ ಒಗೆದಾಗ ಕೆಂಪು ತೇಪೆ ಬಣ್ಣ ಬಿಟ್ಟು ಪಕ್ಕದ ಬಿಳಿ ಗುಲಾಬಿ ಆಯಿತು. ಮಾರಿದವರು ಒಂದು ಮಾತು ಹೇಳಬೇಕಿತ್ತು. ನೆನೆದರೆ ಭಾರವೂ ಜಾಸ್ತಿ, ಹಿಂಡೋಕೆ ಇಬ್ಬರು ಬೇಕು. ತಣ್ಣೀರಲ್ಲಿ ಒಗೆದು ನೆರಳಲ್ಲಿ ಹಾಕಿ. ಬೆಲೆ ಮಿಷಿನ್ ಚಾದರಕ್ಕಿಂತ ಜಾಸ್ತಿ, ಆದರೆ ಅಷ್ಟೂ ಕೈಕೆಲಸ, ಚೌಕಾಸಿ ಮಾಡಬೇಡಿ. ಎರಡು ಕೌದಿ ಒಂದೇ ಥರ ಇರೋದಿಲ್ಲ, ದೂರದಿಂದ ತರಿಸೋದಾದರೆ ನಿಮಗೆ ಬರೋ ಕೌದಿಯದೇ ಫೋಟೋ ಕೇಳಿ, ಹಗಲು ಬೆಳಕಲ್ಲಿ ತೆಗೆದದ್ದು.