ಭಾವಚಿತ್ರಕ್ಕೆ ಸಾಕುಪ್ರಾಣಿಯ ಫೋಟೋ: ಯಾವ ಬೆಳಕು, ಎಷ್ಟು ದೂರ?

ನಾಯಿ, ಬೆಕ್ಕುಗಳ ಭಾವಚಿತ್ರ ಬರೆದುಕೊಡುವುದು ನನ್ನ ಕೆಲಸ. ಬರೆಸುವವರು ಕಳುಹಿಸುವ ಫೋಟೋ ಮುದ್ದಾಗಿದ್ದರೆ ಸಾಲದು. ಕಣ್ಣಿನ ಬಣ್ಣ, ಮೂಗಿನ ಅಂಚು, ರೋಮ ಯಾವ ಕಡೆಗೆ ಮಲಗಿದೆ ಎಂಬುದೆಲ್ಲ ಅದರಲ್ಲಿ ಕಾಣಬೇಕು. ಕಾಣದ್ದನ್ನು ಊಹಿಸಿ ಬರೆದರೆ ಅದೇ ತಳಿಯ ಯಾವುದೋ ನಾಯಿ ಮೂಡುತ್ತದೆಯೇ ಹೊರತು ನಿಮ್ಮದಲ್ಲ. ಅದಕ್ಕೇ ಮನೆಯ ಕರಿ ನಾಯಿಯನ್ನೂ ಕೆಂಚು ಬೆಕ್ಕನ್ನೂ ಕೂರಿಸಿಕೊಂಡು, ಜನ ಸಾಮಾನ್ಯವಾಗಿ ಫೋಟೋ ತೆಗೆಯುವ ಬಗೆಗಳನ್ನೆಲ್ಲ ಮೊಬೈಲಿನಲ್ಲಿ ಪ್ರಯತ್ನಿಸಿ ಅಕ್ಕಪಕ್ಕ ಇಟ್ಟು ನೋಡಿದೆ.

ಫ್ಲ್ಯಾಶ್ ಮೊದಲೇ ಸೋತಿತು. ನಾಯಿ, ಬೆಕ್ಕುಗಳ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಮರಳಿ ಎಸೆಯುವ ಪದರವಿದೆ. ಫ್ಲ್ಯಾಶ್ ಬಿದ್ದರೆ ಅದು ಹಸಿರಾಗಿಯೋ ಹಳದಿಯಾಗಿಯೋ ಉರಿಯುತ್ತದೆ, ಕಣ್ಣಿನ ನಿಜವಾದ ಬಣ್ಣ ಸಿಗುವುದೇ ಇಲ್ಲ. ನಡುಹಗಲ ಬಿಸಿಲೂ ಬೇಡ. ಬೆಕ್ಕಿನ ಕಣ್ಣಿನ ಪಾಪೆ ಗೆರೆಯಷ್ಟಾಗುತ್ತದೆ, ನಾಯಿ ಕಣ್ಣು ಕಿರಿದಾಗಿಸುತ್ತದೆ.

ನಿಜವಾದ ಪೈಪೋಟಿ ಇದ್ದದ್ದು ಹೊರಗಿನ ನೆರಳಿಗೂ ಕಿಟಕಿಯ ಬೆಳಕಿಗೂ. ನೆರಳಿನಲ್ಲಿ ಬೆಳಕು ಸಮನಾಗಿ ಬೀಳುತ್ತದೆ, ತೆಗೆಯುವುದೂ ಸುಲಭ. ಆದರೆ ನೀಲಿ ಛಾಯೆ ಸೇರಿಕೊಳ್ಳುತ್ತದೆ, ಮುಖದ ಉಬ್ಬುತಗ್ಗು ಚಪ್ಪಟೆಯಾಗುತ್ತದೆ. ಕಿಟಕಿಯ ಬೆಳಕು ಒಂದು ಬದಿಯಿಂದ ಬರುವುದರಿಂದ ನನ್ನ ಕರಿ ನಾಯಿಯ ಎದೆಯ ಮೇಲೆ ರೋಮ ಸುಳಿಯಾಗಿ ತಿರುಗುವ ಜಾಗ ಎಳೆ ಎಳೆಯಾಗಿ ಕಂಡಿತು. ನೆರಳಿನ ಫೋಟೋದಲ್ಲಿ ಅದೇ ಜಾಗ ಬರೀ ಕಪ್ಪು. ಕಣ್ಣಿನಲ್ಲಿ ಕಿಟಕಿಯ ಪುಟ್ಟ ಬಿಂಬವೂ ಮೂಡಿತ್ತು. ಚಿತ್ರಕ್ಕೆ ಜೀವ ತುಂಬುವ ಚುಕ್ಕಿ ಅದೇ. ನನ್ನ ಆಯ್ಕೆ ಅನುಮಾನವಿಲ್ಲದೆ ಕಿಟಕಿ. ಕೋಣೆಯ ದೀಪವನ್ನು ಮಾತ್ರ ಆರಿಸಿ, ಇಲ್ಲವಾದರೆ ಮುಖದ ಒಂದು ಬದಿ ಹಳದಿ, ಇನ್ನೊಂದು ನೀಲಿ. ಕರಿ ಪ್ರಾಣಿಯಾದರೆ ಮೊಬೈಲಿನ ಪರದೆಯ ಮೇಲೆ ಅದರ ಮುಖವನ್ನು ಮುಟ್ಟಿ ಬೆಳಕನ್ನು ತುಸು ಏರಿಸಿ, ಬಿಳಿಯದಾದರೆ ತುಸು ಇಳಿಸಿ.

ದೂರದ ವಿಷಯದಲ್ಲಿ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ಮೊಬೈಲನ್ನು ಮೂತಿಯ ಹತ್ತಿರವೇ ಹಿಡಿದು ತೆಗೆದರೆ ಮೂಗು ಉಬ್ಬಿ, ಕಿವಿಗಳು ಹಿಂದೆ ಸರಿದು ಸಣ್ಣಗಾಗುತ್ತವೆ. ನೋಡಲು ತಮಾಷೆಯಾಗಿದ್ದರೂ ಭಾವಚಿತ್ರದಲ್ಲಿ ಅದು ಬೇರೆಯೇ ಮುಖ. ಸುಮಾರು 2 ಮೀಟರ್ ಹಿಂದೆ ಸರಿದು 2ಎಕ್ಸ್ ಜೂಮ್‌ನಲ್ಲಿ ತೆಗೆದಾಗ ಮೂಗು, ಕಣ್ಣು, ಕಿವಿ ತಮ್ಮ ತಮ್ಮ ಅಳತೆಗೆ ಬಂದವು. ಇದು ಲೆನ್ಸಿನ ಮಾಯೆಯಲ್ಲ, ದೂರದ ಫಲ. ಆದ್ದರಿಂದ ಜೂಮ್ ಲೆನ್ಸ್ ಇಲ್ಲದ ಮೊಬೈಲಿನಲ್ಲೂ ಹಿಂದೆ ಸರಿದು ತೆಗೆದು, ಆಮೇಲೆ ಅಂಚು ಕತ್ತರಿಸಬಹುದು. ಎತ್ತರದ ಬಗ್ಗೆ ಹೆಚ್ಚು ಹೇಳುವುದಿಲ್ಲ: ನೆಲದ ಮೇಲೆ ಕುಳಿತು, ಅದರ ಕಣ್ಣಿನ ಮಟ್ಟದಿಂದಲೇ ತೆಗೆಯಿರಿ.

ಪೋರ್ಟ್ರೇಟ್ ಮೋಡ್ ಅನೇಕರಿಗೆ ಅಚ್ಚುಮೆಚ್ಚು, ನನಗೆ ಅದರಿಂದ ಸಂಕಟ. ಹಿನ್ನೆಲೆ ಮಸುಕಾಗಿಸುವ ಭರದಲ್ಲಿ ಅದು ಬೆಕ್ಕಿನ ಮೀಸೆಯನ್ನೂ ಕಿವಿಯ ತುದಿಯ ರೋಮವನ್ನೂ ಅಳಿಸಿಹಾಕಿತು. ಸಾಮಾನ್ಯ ಮೋಡ್‌ನ ಫೋಟೋದಲ್ಲಿ ಪ್ರತಿ ಮೀಸೆಯ ಬುಡವೂ ಎಣಿಸುವಷ್ಟು ಸ್ಪಷ್ಟ. ಹಿನ್ನೆಲೆಯನ್ನು ಹೇಗೂ ನಾನು ಬದಲಿಸುತ್ತೇನೆ, ಅಲ್ಲಿ ಬಟ್ಟೆ ಒಣಗುತ್ತಿದ್ದರೂ ಚಿಂತೆಯಿಲ್ಲ.

ಒಂದೆಡೆ ನಿಲ್ಲದ ಪ್ರಾಣಿಗೆ ವಿಡಿಯೋ ತೆಗೆದು ಅದರ ಒಂದು ಚೌಕಟ್ಟನ್ನು (ಫ್ರೇಮ್) ಆರಿಸುವುದು ಮೇಲೋ, ಒಂದರ ಹಿಂದೊಂದು ಸಾಲಾಗಿ ಫೋಟೋ ತೆಗೆಯುವುದು ಮೇಲೋ? 4ಕೆ ವಿಡಿಯೋದ ಒಂದು ಚೌಕಟ್ಟಿನಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್ ಇದ್ದರೆ, 12 ಮೆಗಾಪಿಕ್ಸೆಲ್ ಫೋಟೋದಲ್ಲಿ 1.2 ಕೋಟಿ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ, ಮನೆಯೊಳಗಿನ ವಿಡಿಯೋದಲ್ಲಿ ತಲೆ ಅಲುಗಿದೊಡನೆ ಕಣ್ಣು ಕಲಸಿಹೋಗುತ್ತದೆ. ಸಾಲು ಫೋಟೋಗಳೇ ಗೆದ್ದವು. ಆದರೂ ಪುಟ್ಟದೊಂದು ವಿಡಿಯೋ ಜೊತೆಗೆ ಬಂದರೆ ನನಗೆ ತುಂಬಾ ಸಂತೋಷ. ಆ ಪ್ರಾಣಿ ತಲೆ ಎತ್ತುವ ರೀತಿ ಅದರಿಂದಲೇ ತಿಳಿಯುತ್ತದೆ.

ಗಮನ ಸೆಳೆಯಲು ತಿಂಡಿ ತೋರಿಸಿದರೆ ನಾಯಿಯ ಮುಖದಲ್ಲಿ ಆಸೆಯೊಂದೇ ಉಳಿಯುತ್ತದೆ. ಕೇಳರಿಯದ ಸದ್ದಿಗೆ ಕಿವಿ ನಿಮಿರುತ್ತದೆ, ಆದರೆ ಆ ಸದ್ದು ಬೇಗ ಹಳತಾಗುತ್ತದೆ. ಅದನ್ನು ಕೊನೆಗೆ ಉಳಿಸಿಕೊಳ್ಳಿ. ಬೆಕ್ಕಿಗೆ ಲೆನ್ಸಿನ ಪಕ್ಕ ನಿಧಾನವಾಗಿ ಆಡಿಸುವ ದಾರವೇ ಸಾಕು.

ಕಳುಹಿಸುವಾಗ ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿ ಫೋಟೋವಾಗಿ ಹಾಕಿದರೆ ಅದು ಕುಗ್ಗಿಹೋಗುತ್ತದೆ, ಡಾಕ್ಯುಮೆಂಟ್ ರೂಪದಲ್ಲಿ ಹಾಕಿ. ಕಣ್ಣು ಸ್ಪಷ್ಟವಾಗಿರುವ ಫೋಟೋ ಒಂದು, ಸ್ವಭಾವ ಚೆನ್ನಾಗಿ ಸಿಕ್ಕ ಫೋಟೋ ಇನ್ನೊಂದು ಎಂದಾದರೆ ಎರಡನ್ನೂ ಕಳುಹಿಸಿ, ಯಾವುದು ಯಾತಕ್ಕೆ ಎಂದು ಒಂದು ಸಾಲು ಬರೆಯಿರಿ.