ಹುಬ್ಬಳ್ಳಿಯ ಹಿತ್ತಲಿಗೆ ‘ಬುಷ್ ಚೆರ್ರಿ’ ತರಿಸುವ ಮುನ್ನ

‘ಬುಷ್ ಚೆರ್ರಿ’ ಎಂದು ಹೇಳಿ ಮಾರಿದ ನಾಲ್ಕು ಗಿಡಗಳಿಗೆ 2021ರ ಜೂನ್ ತಿಂಗಳಲ್ಲಿ ತಲಾ 550 ರೂಪಾಯಿಯಂತೆ, ಸಾಗಣೆಯ 300 ಸೇರಿ, ಒಟ್ಟು 2,500 ರೂಪಾಯಿ ಕೊಟ್ಟೆ. ಮೂರು ವರ್ಷ ಆರೈಕೆ ಮಾಡಿದರೂ ಚೆರ್ರಿ ಎನ್ನಬಹುದಾದ ಒಂದು ಹಣ್ಣೂ ಮನೆಯವರ ಬಾಯಿಗೆ ಬೀಳಲಿಲ್ಲ. ಮಳೆಗಾಲ ಹತ್ತಿರವಾಗುತ್ತಿದ್ದಂತೆ ಅದೇ ಚಿತ್ರ, ಅದೇ ಒಕ್ಕಣೆಯ ಜಾಹೀರಾತು ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಮತ್ತೆ ಸುತ್ತುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಮಾರಿದವರ ಹೆಸರನ್ನು ಬರೆಯುವುದಿಲ್ಲ. ಇದೇ ಮಾತು ಹೇಳಿ ಮಾರುವವರು ಅವರೊಬ್ಬರೇ ಅಲ್ಲ.

ಜಾಹೀರಾತಿನ ಚಿತ್ರದಲ್ಲಿ ಸೊಂಟದೆತ್ತರದ ಪೊದೆಯೊಂದು ಟೊಂಗೆ ಕಾಣದಷ್ಟು ಕೆಂಪು ಹಣ್ಣು ಹೊತ್ತು ನಿಂತಿತ್ತು. ಯಾವ ಹವೆಯಲ್ಲಾದರೂ ಬೆಳೆಯುತ್ತದೆ, ಯಾವ ಮಣ್ಣಾದರೂ ನಡೆಯುತ್ತದೆ, ಎರಡೇ ವರ್ಷಕ್ಕೆ ಫಲ ಬರುತ್ತದೆ ಎಂದು ಕೆಳಗೆ ಬರೆದಿತ್ತು. ಅಂಥ ಪೊದೆಗಳು ಇರುವುದು ಸುಳ್ಳಲ್ಲ. ಚೀನಾ, ಕೊರಿಯಾ, ಮಂಗೋಲಿಯಾ ಕಡೆಯ ನ್ಯಾಂಕಿಂಗ್ ಚೆರ್ರಿ ಅವುಗಳಲ್ಲಿ ಒಂದು. ಕೆನಡಾದ ಸಾಸ್ಕಾಚೆವಾನ್ ವಿಶ್ವವಿದ್ಯಾಲಯವು ಹುಳಿ ಚೆರ್ರಿಯ ಜೊತೆಗೆ ಗಿಡ್ಡ ಜಾತಿಯ ಚೆರ್ರಿಯನ್ನು ಸಂಕರಿಸಿ 1999ರಲ್ಲಿ ಬಿಡುಗಡೆ ಮಾಡಿದ ಕಾರ್ಮೈನ್ ಜ್ಯುವೆಲ್ ಇನ್ನೊಂದು. ಈ ಸಂಕರ ತಳಿ ಮೈನಸ್ 40 ಡಿಗ್ರಿಯ ಚಳಿಯನ್ನೂ ತಾಳಿಕೊಳ್ಳುತ್ತದೆ ಎಂದು ಓದಿದಾಗ, ಅಷ್ಟು ಗಟ್ಟಿಯಾದ ಗಿಡಕ್ಕೆ ಹುಬ್ಬಳ್ಳಿ ಯಾವ ಲೆಕ್ಕ ಎಂದುಕೊಂಡೆ. ನನ್ನ ಮೊದಲ ತಪ್ಪು ಅದೇ.

ಆ ಗಿಡ ಚಳಿಯನ್ನು ತಾಳಿಕೊಳ್ಳುವುದಷ್ಟೇ ಅಲ್ಲ, ಚಳಿಯಿಲ್ಲದೆ ಅದರ ಸಂಸಾರವೇ ಸಾಗುವುದಿಲ್ಲ. ಎಲೆ ಉದುರಿಸಿ ನಿದ್ರೆಗೆ ಹೋದ ಮೊಗ್ಗು ಸರಿಯಾಗಿ ಎಚ್ಚರಗೊಂಡು ಹೂ ಬಿಡಬೇಕಾದರೆ ಸುಮಾರು 0ಯಿಂದ 7 ಡಿಗ್ರಿಯ ತಂಪಿನಲ್ಲಿ ಅದು ಇಂತಿಷ್ಟು ಗಂಟೆ ಕಳೆದಿರಬೇಕು. ಹುಳಿ ಚೆರ್ರಿಗೆ ಈ ಲೆಕ್ಕ ಸಾವಿರ ಗಂಟೆಯ ಆಸುಪಾಸಿಗೆ ಬರುತ್ತದೆ. ನಮ್ಮ ದೇಶದಲ್ಲಿ ಚೆರ್ರಿಯ ತೋಟಗಳು ಕಾಶ್ಮೀರ, ಹಿಮಾಚಲದ ಕಡೆಗೇ ಉಳಿದಿರುವುದಕ್ಕೆ ಕಾರಣ ಇದು. 2022ರ ಡಿಸೆಂಬರಿನಿಂದ 2023ರ ಜನವರಿ ಮುಗಿಯುವವರೆಗೆ ಹಿತ್ತಲ ಗೋಡೆಗೆ ಉಷ್ಣಮಾಪಕ ತೂಗುಹಾಕಿ ಬೆಳಗಿನ ಐದೂವರೆಗೆ ಬರೆದುಕೊಂಡೆ. ಒಂದೇ ಒಂದು ದಿನ 11 ಡಿಗ್ರಿ, ಉಳಿದಂತೆ 13, 14, 15. ಏಳಕ್ಕಿಂತ ಕೆಳಗಿನ ಗಂಟೆಗಳ ಮೊತ್ತ ಸೊನ್ನೆ.

ಇದನ್ನು ಫೋನಿನಲ್ಲಿ ಹೇಳಿದಾಗ ಮಾರಿದವರು ಧೈರ್ಯಗೆಡಲಿಲ್ಲ. ರಾತ್ರಿ ಮಲಗುವ ಮುನ್ನ ಬುಡಕ್ಕೆ ಐಸ್ ತುಂಡು ಹಾಕಿರಿ, ಗಿಡಕ್ಕೆ ಹಿಮ ಬಿದ್ದಂತಾಗುತ್ತದೆ ಎಂದರು. ನಾಚಿಕೆಯ ಸಂಗತಿಯೆಂದರೆ ನಾನು ಅದನ್ನೂ ಮಾಡಿದೆ. ಎರಡು ವಾರ ಪ್ರತಿ ರಾತ್ರಿ ಫ್ರಿಜ್ಜಿನ ಟ್ರೇ ಹಿಡಿದು ಹಿತ್ತಲಿಗೆ ಹೋಗುತ್ತಿದ್ದೆ. ಕಟ್ಟೆಯ ಮೇಲೆ ಕುಳಿತಿರುತ್ತಿದ್ದ ಅತ್ತೆಯವರು ಒಂದು ದಿನ ತಡೆಯಲಾರದೆ, “ಅದಕ್ಕ ನೆಗಡಿ ಆದೀತು, ಒಂದು ಸ್ವೆಟರೂ ಹೊಲದು ಹಾಕವಾ” ಎಂದರು. ತಂಪಿನ ಲೆಕ್ಕ ಇಡುವುದು ಟೊಂಗೆಯ ಮೇಲಿನ ಮೊಗ್ಗು, ಬೇರಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು.

ಅಷ್ಟರಲ್ಲಿ ಉಳಿದಿದ್ದದ್ದೇ ಎರಡು ಗಿಡ. ನಮ್ಮದು ಗದಗ ರಸ್ತೆಯ ಕಡೆಯ ಬಡಾವಣೆ, ಹಿತ್ತಲೆಲ್ಲ ಯರಿ ಮಣ್ಣು. ಮಳೆ ಹಿಡಿದರೆ ವಾರಗಟ್ಟಲೆ ಜಿಗುಟು, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು. ಚೆರ್ರಿಯ ಬೇರಿಗೆ ನೀರು ಬಸಿದು ಹೋಗಬೇಕು. ಮೊದಲ ವರ್ಷದ ಆಗಸ್ಟಿನಲ್ಲೇ ಎರಡು ಗಿಡಗಳ ಎಲೆ ಜೋತುಬಿದ್ದವು. ಕಿತ್ತು ನೋಡಿದರೆ ಬೇರು ಕಂದಾಗಿ ಕೊಳೆತು, ಸಿಪ್ಪೆ ಬೆರಳಿಗೇ ಅಂಟಿಕೊಂಡು ಬಂತು. ಮಸಾರಿ ಮಣ್ಣಿನವರಿಗೆ ಈ ಕಾಟ ಕಡಿಮೆ ಇದ್ದೀತು, ಆದರೆ ಚಳಿಯ ಸಮಸ್ಯೆ ಅವರಿಗೂ ತಪ್ಪಿದ್ದಲ್ಲ.

ಉಳಿದ ಎರಡರಲ್ಲಿ ಒಂದು 2024ರಲ್ಲಿ ಹಣ್ಣು ಕೊಟ್ಟಿತು. ನನ್ನ ಸಂತೋಷ ಹಣ್ಣು ಬಲಿಯುವವರೆಗೆ ಮಾತ್ರ ಉಳಿಯಿತು, ಏಕೆಂದರೆ ಅದು ಚೆರ್ರಿಯಂತೆ ನುಣುಪಾಗಿರದೆ, ಪುಟ್ಟ ಕುಂಬಳಕಾಯಿಯಂತೆ ಮೈತುಂಬ ಏಳೆಂಟು ಏಣು ಹೊಂದಿತ್ತು; ಬಾಯಿಗಿಟ್ಟರೆ ಹುಳಿಯ ಜೊತೆಗೆ ಒಂದು ಬಗೆಯ ರಾಳದ ವಾಸನೆ. ಅದು ಸುರಿನಾಮ್ ಚೆರ್ರಿ. ಹೆಸರಿನಲ್ಲಿ ಚೆರ್ರಿ ಇದ್ದರೂ ನೇರಳೆ, ಪೇರಲಗಳ ಕುಟುಂಬದ್ದು, ಚಳಿಯ ಹಂಗಿಲ್ಲದೆ ನಮ್ಮಲ್ಲಿ ಬೆಳೆಯುವಂಥದ್ದು. ಬಾರ್ಬಡಾಸ್ ಚೆರ್ರಿಯದೂ ಇದೇ ಕಥೆ; ಅದು ಮತ್ತೊಂದು ಕುಟುಂಬದ್ದು. ಗಿಡ ಕೈಗೆ ಬಂದ ದಿನವೇ ಎಲೆಯನ್ನು ನೋಡಿದ್ದರೆ ನನಗೆ ಗೊತ್ತಾಗುತ್ತಿತ್ತು. ನಿಜವಾದ ಚೆರ್ರಿಯ ಎಲೆಗಳು ಕಡ್ಡಿಯ ಮೇಲೆ ಒಂದು ಆ ಕಡೆ, ಒಂದು ಈ ಕಡೆ ಎಂಬಂತೆ ಬಿಡಿಬಿಡಿಯಾಗಿ ಹುಟ್ಟುತ್ತವೆ, ಅಂಚು ಗರಗಸದ ಹಲ್ಲಿನಂತಿರುತ್ತದೆ. ಸುರಿನಾಮ್ ಮತ್ತು ಬಾರ್ಬಡಾಸ್ ಚೆರ್ರಿಗಳಲ್ಲಿ ಎಲೆಗಳು ಎದುರುಬದುರು ಜೋಡಿಯಾಗಿರುತ್ತವೆ, ಅಂಚು ನಯವಾಗಿರುತ್ತದೆ. ಸುರಿನಾಮ್ ಚೆರ್ರಿಯ ಎಲೆಯನ್ನು ಹೊಸಕಿದರೆ ಘಾಟು ವಾಸನೆಯೂ ಬರುತ್ತದೆ.

ಇನ್ನು ನನ್ನ ಮೂಲ ಆಸೆಗೆ ಕಾರಣವಾಗಿದ್ದ ಬೇಕರಿ ಕೇಕಿನ ಮೇಲಿನ ಕೆಂಪು ಚೆರ್ರಿಯ ವಿಷಯ. ದುರ್ಗದ ಬೈಲಿನಲ್ಲಿ ಮೇ ತಿಂಗಳು ಕವಳಿ ಹಣ್ಣು ಮಾರುತ್ತಿದ್ದ ಹೆಣ್ಣುಮಗಳಿಗೆ ನನ್ನ ಕಥೆ ಹೇಳಿದಾಗ ಅವಳು ಪುಟ್ಟಿಯಿಂದ ಒಂದು ಕಾಯಿ ಎತ್ತಿ, “ಅಕ್ಕಾರ, ಬೇಕರ್ಯಾಗ ಕೆಂಪಗ ಕುಂತಿರತಾವಲ್ಲ, ಅವು ಇವೇ ರೀ” ಎಂದಳು. ಅವಳ ಮಾತು ಬಹುಮಟ್ಟಿಗೆ ಸರಿ: ಬೀಜ ತೆಗೆದ ಕವಳಿಯನ್ನು ಬಣ್ಣ, ಸಕ್ಕರೆ ಪಾಕದಲ್ಲಿ ನೆನೆಸಿ ಚೆರ್ರಿ ಎಂದು ಮಾರುವುದು ನಮ್ಮಲ್ಲಿ ಹಳೆಯ ರೂಢಿ. ಕವಳಿಗೆ ಐಸ್ ಬೇಡ, ಆರೈಕೆ ಬೇಡ, ಮುಳ್ಳಿನ ಬೇಲಿಯೂ ಆಗುತ್ತದೆ.

ನಾಲ್ಕನೆಯ ಗಿಡ ಮಾತ್ರ ನಿಜವಾದ ಚೆರ್ರಿ ಜಾತಿಯದೇ. ಜನವರಿಯಲ್ಲೂ ಪೂರ್ತಿ ಎಲೆ ಉದುರಿಸದೆ, ಅರ್ಧ ಹಸಿರು ಅರ್ಧ ಬೋಳಾಗಿ, ಹೂವಿನ ಸುದ್ದಿಯಿಲ್ಲದೆ ನಿಂತಿದೆ. ಅದನ್ನು ಸವರಿದ ದಿನ ಹಾಲು ಹಾಕುವವರು ಆ ಸೊಪ್ಪನ್ನು ಎಮ್ಮೆಗೆ ಒಯ್ಯಲು ಬಂದಿದ್ದರು, ನಾನೂ ಕಟ್ಟಿಕೊಡುವವಳಿದ್ದೆ. ಚೆರ್ರಿ ಜಾತಿಯ ಬಾಡಿದ ಎಲೆಯಲ್ಲಿ ಸಯನೈಡ್ ಬಿಡುಗಡೆಯಾಗಿ ದನಕರುಗಳಿಗೆ ಪ್ರಾಣಾಪಾಯವಾಗಬಲ್ಲದು. ಈ ಮಾತನ್ನು ಗಿಡ ಮಾರಿದವರು ಹೇಳಿರಲಿಲ್ಲ.

ಹಣ ಹಿಂದಿರುಗಿಸಿ ಎಂದು ಕೇಳಿದಾಗಲೆಲ್ಲ “ಇನ್ನೊಂದು ವರ್ಷ ಕಾಯಿರಿ ಮೇಡಂ” ಎಂಬ ಉತ್ತರ ಬರುತ್ತಿತ್ತು. ಈ ಕಾಯುವಿಕೆಯಿಂದ ಯಾರಿಗೆ ಲಾಭವೆಂಬುದು ವಕೀಲರೊಬ್ಬರ ಬಳಿ ಹೋದಾಗ ತಿಳಿಯಿತು: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರಿಗೆ ಕಾರಣ ಉಂಟಾದ 2 ವರ್ಷದೊಳಗೆ ಆಯೋಗಕ್ಕೆ ಹೋಗಬೇಕು, ತಡವಾದರೆ ತಕ್ಕ ಕಾರಣ ತೋರಿಸಬೇಕು. ಆಮೇಲೆ ಅವರು ಬಿಲ್ಲು ಕೇಳಿದರು. ಜೋಪಾನವಾಗಿಟ್ಟಿದ್ದ ಚೀಟಿಯನ್ನು ಮೇಜಿನ ಮೇಲೆ ಬಿಡಿಸಿದೆ. ಅದರಲ್ಲಿ ಜಾತಿಯ ಹೆಸರಾಗಲಿ ತಳಿಯ ಹೆಸರಾಗಲಿ, ಚೆರ್ರಿ ಎಂಬ ಪದವಾಗಲಿ ಇರಲಿಲ್ಲ. ‘ಹಣ್ಣಿನ ಗಿಡ – 4’ ಎಂದಷ್ಟೇ ಬರೆದಿತ್ತು.