ಇಂಗ್ಲಿಷ್ ಕಲಿಯೋಕೆ ಕ್ಲಾಸಾ, ತೋಟದ ಆಫೀಸಾ?

ಚಿಕ್ಕಮಗಳೂರು ಕಡೆ ಮನೆಯಲ್ಲಿ ತುಳು, ಅಂಗಡಿಯಲ್ಲಿ ಕನ್ನಡ, ತೋಟದ ಲೈನ್ ಮನೆಗಳಲ್ಲಿರುವ ಕೆಲಸಗಾರರ ಹತ್ತಿರ ತಮಿಳು ಆಡುವವರಿಗೆ ಇಂಗ್ಲಿಷ್ ನಾಲ್ಕನೆಯದು. ಅದಕ್ಕೆ ಪೇಟೆಯ ಸ್ಪೋಕನ್ ಇಂಗ್ಲಿಷ್ ಕ್ಲಾಸು ಒಂದು ದಾರಿ, ಕೆಲಸದ ಜಾಗ ಇನ್ನೊಂದು. ನಾನು ಎರಡನ್ನೂ ನೋಡಿದ್ದೇನೆ.

ಕ್ಲಾಸಿನಲ್ಲಿ ವ್ಯಾಕರಣ ಗಟ್ಟಿಯಾಗುತ್ತದೆ. ಕನ್ನಡದಲ್ಲಿಲ್ಲದ ‘ಎ’, ‘ದಿ’ ಎಲ್ಲಿ ಹಾಕಬೇಕು, ನಮ್ಮಲ್ಲಿ ಕೊನೆಗೆ ಬರುವ ಕ್ರಿಯಾಪದವನ್ನು ನಡುವೆ ಹೇಗೆ ತರಬೇಕು, ಇವನ್ನೆಲ್ಲ ಯಾರಾದರೂ ಕೂರಿಸಿಕೊಂಡೇ ತಿದ್ದಬೇಕು. ಬಾಯಿ ಮಾತ್ರ ಬಿಡುವುದಿಲ್ಲ.

ಕಾಫಿ ತೋಟದ ಆಫೀಸಿನಲ್ಲಿ ಉಲ್ಟಾ. ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ), ಚೆರ್ರಿ (ಹಣ್ಣಿನ ಸಮೇತ ಒಣಗಿಸಿದ್ದು), ಔಟ್‌ಟರ್ನ್ (ಒಣಗಿದ ಕಾಫಿಯಿಂದ ಸಿಗುವ ಬೀಜದ ಪ್ರಮಾಣ) ಎಲ್ಲ ಲೆಕ್ಕದ ಪುಸ್ತಕದಿಂದ ಸೀದಾ ಬಾಯಿಗೆ ಬರುತ್ತವೆ. ಕಾಫಿ ಕೊಳ್ಳುವವರ ಫೋನು ಮೊದಲ ಸಲ ಎತ್ತಿದಾಗ ನಾನು ‘ಯೆಸ್ಟರ್‌ಡೇ ಲಾರಿ ಕಮಿಂಗ್’ ಎಂದುಬಿಟ್ಟೆ. ಪುಣ್ಯಾತ್ಮರು ನಗಲಿಲ್ಲ, ಐವತ್ತು ಕೆಜಿಯ ಮೂಟೆ ಎಷ್ಟು ಎಂದಷ್ಟೇ ಕೇಳಿದರು. ಆ ತಪ್ಪು ತಿದ್ದಿಕೊಳ್ಳಲು ನನಗೆ ವರ್ಷವೇ ಹಿಡಿಯಿತು, ತಿದ್ದುವವರೇ ಇರಲಿಲ್ಲವಲ್ಲ.

ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೇ ಕ್ಲಾಸಿಗೇ ಇಂಗ್ಲಿಷ್ ಬಂದದ್ದು 2007ರಲ್ಲಿ. ಅದಕ್ಕೂ ಮುಂಚೆ ಕನ್ನಡ ಶಾಲೆಯಲ್ಲಿ ಓದಿದವರು ಮೊದಲು ಕೆಲಸಕ್ಕೆ ಸೇರಿ, ಬಾಯಿ ಬಿಟ್ಟ ಮೇಲೆ ಕ್ಲಾಸಿಗೆ ಹೋಗಿ. ಇಂಟರ್‌ವ್ಯೂ ಮುಂದಿನ ತಿಂಗಳೇ ಇದ್ದರೆ ಕ್ಲಾಸೇ ಸರಿ. ಮೊಬೈಲ್ ಆ್ಯಪಿನಲ್ಲಿ ಪದ ಹೆಚ್ಚುತ್ತವೆ, ಅಷ್ಟೇ.